ಲಿಲಿಯನ್ ಬೇಲಿಸ್: ರಂಗಮಂದಿರ ನಡೆಸುವ ವಿದ್ಯೆ

ಲಂಡನ್ನಿನ ಓಲ್ಡ್ ವಿಕ್ ಮತ್ತು ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರಗಳನ್ನು ನಡೆಸಿದ ಲಿಲಿಯನ್ ಬೇಲಿಸ್ (1874–1937) ನಾಟಕ ಬರೆದವರಲ್ಲ, ನಿರ್ದೇಶಿಸಿದವರಲ್ಲ, ನಟಿಯೆಂದು ಹೆಸರಾದವರೂ ಅಲ್ಲ. ಲೆಕ್ಕಪತ್ರ, ಟಿಕೆಟ್ಟು, ಸಂಬಳ, ಚಂದಾ, ಪರವಾನಗಿ, ಕಟ್ಟಡದ ರಿಪೇರಿ ಇವೇ ಆಕೆಯ ನಿತ್ಯದ ಕೆಲಸಗಳು. ಆದರೂ ಇಂದು ಬ್ರಿಟನ್ನಿನ ಹೆಮ್ಮೆಯಾಗಿರುವ ನ್ಯಾಷನಲ್ ಥಿಯೇಟರ್, ರಾಯಲ್ ಬ್ಯಾಲೆ ಮತ್ತು ಇಂಗ್ಲಿಷ್ ನ್ಯಾಷನಲ್ ಆಪೆರಾ ಸಂಸ್ಥೆಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಆಕೆ ನಡೆಸುತ್ತಿದ್ದ ಮಂದಿರಗಳೇ. ರಂಗಭೂಮಿಯ ಚರಿತ್ರೆ ಬರೆಯುವವರು ನಾಟಕಕಾರರಿಗೂ ನಿರ್ದೇಶಕರಿಗೂ ನಟರಿಗೂ ಅಧ್ಯಾಯಗಳನ್ನು ಕೊಟ್ಟು ವ್ಯವಸ್ಥಾಪಕರನ್ನು ಅಡಿಟಿಪ್ಪಣಿಗೆ ಇಳಿಸುವುದು ರೂಢಿ. ಕಲೆ ಒಂದು ಕಡೆ, ಅದಕ್ಕೆ ಅನುಕೂಲ ಒದಗಿಸುವ ಆಡಳಿತ ಇನ್ನೊಂದು ಕಡೆ ಎಂಬ ಎಣಿಕೆ ಈ ರೂಢಿಯ ಹಿಂದಿದೆ. ಬೇಲಿಸ್ ಅವರ ವೃತ್ತಿಜೀವನವನ್ನು ಹತ್ತಿರದಿಂದ ನೋಡಿದರೆ ಆ ಎಣಿಕೆ ನಿಲ್ಲುವುದಿಲ್ಲ. ಗ್ಯಾಲರಿಯ ದರ ಎಷ್ಟಿರಬೇಕು, ಒಂದು ನಾಟಕ ಎಷ್ಟು ದಿನ ಓಡಬೇಕು, ಯಾರನ್ನು ಕರೆತಂದು ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕು ಎಂಬ ತೀರ್ಮಾನಗಳೇ ಅಲ್ಲಿ ಎಂಥ ಕಲೆ ಹುಟ್ಟಬಲ್ಲದು ಎಂಬುದನ್ನು ಗೊತ್ತುಮಾಡಿದವು.

ಬೇಲಿಸ್ ಹುಟ್ಟಿದ್ದು 1874ರ ಮೇ 9ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಇಬ್ಬರೂ ಹಾಡುಗಾರರು. ಮನೆಮಂದಿಯೆಲ್ಲ ಸೇರಿ ಊರೂರಿಗೆ ಹೋಗಿ ಸಂಗೀತ ಕಾರ್ಯಕ್ರಮ ಕೊಡುವ ತಂಡವೊಂದನ್ನು ಕಟ್ಟಿಕೊಂಡಿದ್ದರು. ಹಿರಿಯ ಮಗಳಾದ ಲಿಲಿಯನ್ ಚಿಕ್ಕಂದಿನಲ್ಲೇ ಪಿಟೀಲು ಕಲಿತು ವೇದಿಕೆ ಏರಿದರು. 1891ರಲ್ಲಿ ಕುಟುಂಬ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಚಿನ್ನದ ಗಣಿಯ ಸುತ್ತ ಆಗತಾನೇ ಎದ್ದುನಿಲ್ಲುತ್ತಿದ್ದ ಜೋಹಾನ್ಸ್‌ಬರ್ಗಿನಲ್ಲಿ ಆಕೆ ಸಂಗೀತ ಪಾಠ ಹೇಳಿ ಸ್ವಂತ ಸಂಪಾದನೆಗೆ ನಿಂತರು. ಕ್ರಮವಾದ ಶಾಲಾ ಶಿಕ್ಷಣ ಹೆಚ್ಚು ಸಿಗಲಿಲ್ಲ. ಆದರೆ ತಿರುಗಾಟದ ತಂಡದಲ್ಲಿ ಬೆಳೆದ ಮಗುವಿಗೆ ಬೇರೆ ಒಂದು ವಿದ್ಯೆ ಸಿಕ್ಕಿತ್ತು: ಇಂದಿನ ಕಾರ್ಯಕ್ರಮಕ್ಕೆ ಜನ ಬರದಿದ್ದರೆ ನಾಳೆಯ ಊಟಕ್ಕೆ ಕಷ್ಟ ಎಂಬುದು ಆಕೆಗೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ಮೂತ್ರಪಿಂಡದ ಕಾಯಿಲೆಯಿಂದ ಸೊರಗಿ, ಚೇತರಿಸಿಕೊಳ್ಳಲೆಂದು 1897ರಲ್ಲಿ ಲಂಡನ್ನಿಗೆ ಮರಳಿದರು. ತಾಯಿಯ ಸಹೋದರಿ ಎಮಾ ಕಾನ್ಸ್ ತಾವು ನಡೆಸುತ್ತಿದ್ದ ಮಂದಿರದಲ್ಲಿ ನೆರವಾಗಲು ಕೇಳಿದರು. ಅಲ್ಲಿಂದ ಮುಂದೆ ಸಾಯುವವರೆಗೂ ಅದೇ ಆಕೆಯ ಕೆಲಸದ ಜಾಗ.

ಆ ಮಂದಿರದ ಹಿನ್ನೆಲೆ ತಿಳಿಯದೆ ಬೇಲಿಸ್ ಅರ್ಥವಾಗುವುದಿಲ್ಲ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ವಾಟರ್ಲೂ ರಸ್ತೆಯ ಬಡ ಕೇರಿಗಳ ನಡುವೆ 1818ರಲ್ಲಿ ರಾಯಲ್ ಕೋಬರ್ಗ್ ಎಂಬ ಹೆಸರಿನಲ್ಲಿ ತೆರೆದ ಈ ಕಟ್ಟಡಕ್ಕೆ 1833ರಲ್ಲಿ ರಾಜಕುಮಾರಿ ವಿಕ್ಟೋರಿಯಾಳ ಹೆಸರಿಟ್ಟರು. ಜನರ ಬಾಯಲ್ಲಿ ಅದು ‘ಓಲ್ಡ್ ವಿಕ್’ ಆಯಿತು. ಕಾಲ ಕಳೆದಂತೆ ಅಗ್ಗದ ಭಾವಾತಿರೇಕದ ನಾಟಕಗಳಿಗೆ, ಕುಡಿತಕ್ಕೆ, ಹೊಡೆದಾಟಕ್ಕೆ ಅದು ಕುಖ್ಯಾತವಾಯಿತು. ಬಡವರ ವಸತಿ ಸುಧಾರಣೆಯಲ್ಲಿ ಆಕ್ಟೇವಿಯಾ ಹಿಲ್ ಜೊತೆ ದುಡಿದಿದ್ದ ಎಮಾ ಕಾನ್ಸ್ ತಾವು ನೋಡಿಕೊಳ್ಳುತ್ತಿದ್ದ ಬಾಡಿಗೆ ಮನೆಗಳ ಸಂಸಾರಗಳು ಹಾಳಾಗುವುದಕ್ಕೆ ಹೆಂಡವೇ ದೊಡ್ಡ ಕಾರಣವೆಂದು ಕಂಡುಕೊಂಡಿದ್ದರು. ಹೆಂಡ ಬಿಡಿ ಎಂದು ಬರಿದೇ ಉಪದೇಶಿಸಿದರೆ ಫಲವಿಲ್ಲ, ಸಂಜೆ ಹೋಗಿ ಕೂರಲು ಬೇರೊಂದು ಜಾಗ ಬೇಕು ಎಂಬುದು ಆಕೆಯ ತರ್ಕ. 1880ರ ಕೊನೆಗೆ ಕಟ್ಟಡವನ್ನು ಗುತ್ತಿಗೆ ಹಿಡಿದು ‘ರಾಯಲ್ ವಿಕ್ಟೋರಿಯಾ ಕಾಫಿ ಅಂಡ್ ಮ್ಯೂಸಿಕ್ ಹಾಲ್’ ತೆರೆದರು. ಮದ್ಯವಿಲ್ಲ, ಅಶ್ಲೀಲ ಹಾಡಿಲ್ಲ. ಕಾಫಿ, ಸಂಗೀತ, ಕಾಸಿಗೊಂದು ವಿಜ್ಞಾನ ಉಪನ್ಯಾಸ. ಆ ಉಪನ್ಯಾಸಗಳಿಂದಲೇ ದುಡಿಯುವ ಗಂಡಸರಿಗೂ ಹೆಂಗಸರಿಗೂ ಪಾಠ ಹೇಳುವ ಮಾರ್ಲಿ ಕಾಲೇಜು 1889ರಲ್ಲಿ ರೂಪುಗೊಂಡು, ಅದೇ ಕಟ್ಟಡದ ಹಿಂಭಾಗದ ಕೋಣೆಗಳಲ್ಲಿ ನಡೆಯತೊಡಗಿತು. ಮುಂದೆ ಸಾರ್ವಜನಿಕ ಚಂದಾ ಎತ್ತಿ ಕಟ್ಟಡವನ್ನೇ ಕೊಂಡು, ಬಡವರ್ಗದ ಮನರಂಜನೆ ಮತ್ತು ಶಿಕ್ಷಣಕ್ಕೆಂದು ಮೀಸಲಿಟ್ಟ ದತ್ತಿಯಾಗಿ ಅದನ್ನು ವಿಶ್ವಸ್ತರ ಕೈಗೆ ಒಪ್ಪಿಸಲಾಯಿತು.

ಬೇಲಿಸ್‌ಗೆ ಬಳುವಳಿಯಾಗಿ ಬಂದದ್ದು ಈ ದತ್ತಿಯ ಕಟ್ಟುಪಾಡು. ಬಡವರು ಕೊಡಬಲ್ಲ ದರವನ್ನು ಮೀರುವಂತಿಲ್ಲ, ಲಾಭ ಹಂಚುವಂತಿಲ್ಲ, ಸರ್ಕಾರದ ಅನುದಾನ ಎಂಬುದು ಆ ಕಾಲದ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಜೊತೆಗೆ ಕಾನೂನಿನ ತೊಡಕೊಂದಿತ್ತು. ಮಂದಿರಕ್ಕಿದ್ದದ್ದು ಸಂಗೀತಗೃಹದ ಪರವಾನಗಿ. ಅದರಡಿ ಪೂರ್ಣ ನಾಟಕವನ್ನಾಗಲಿ ಪೂರ್ಣ ಆಪೆರಾವನ್ನಾಗಲಿ ಆಡುವಂತಿರಲಿಲ್ಲ. ಆದ್ದರಿಂದ ಆಪೆರಾಗಳ ಆಯ್ದ ಭಾಗಗಳನ್ನು ಹಾಡಿಸಿ, ನಡುನಡುವೆ ಸ್ತಬ್ಧಚಿತ್ರದಂಥ ದೃಶ್ಯಗಳನ್ನು ತೋರಿಸುವ ಉಪಾಯ ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೇಲಿಸ್ ಚಲನಚಿತ್ರ ಪ್ರದರ್ಶನವನ್ನೂ ಹಾಕಿದರು. ಅದು ಒಳ್ಳೆಯ ಗಳಿಕೆ ತಂದಿತು. ಆದರೆ ಸುತ್ತಮುತ್ತ ಸಿನಿಮಾ ಮಂದಿರಗಳು ಎದ್ದಾಗ ಆ ಗಳಿಕೆ ಕರಗಿತು. 1912ರ ಜುಲೈಯಲ್ಲಿ ಎಮಾ ಕಾನ್ಸ್ ತೀರಿಕೊಂಡ ಮೇಲೆ ಪೂರ್ಣ ಹೊಣೆ ಬೇಲಿಸ್ ಹೆಗಲಿಗೆ ಬಂತು. ಆಕೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ನಾಟಕಕ್ಕೂ ಪರವಾನಗಿ ಪಡೆದದ್ದು. ನೋಡಲು ಇದು ಕಚೇರಿಯ ಕಾಗದದ ಕೆಲಸ. ಆ ಕಾಗದ ಇಲ್ಲದಿದ್ದರೆ ಓಲ್ಡ್ ವಿಕ್‌ನಲ್ಲಿ ಶೇಕ್ಸ್‌ಪಿಯರ್ ಇಲ್ಲ.

ಶೇಕ್ಸ್‌ಪಿಯರ್ ಆಕೆಯ ಮೊದಲ ಒಲವೇನೂ ಆಗಿರಲಿಲ್ಲ. ಆಕೆ ಸಂಗೀತದವರು, ಆಪೆರಾದ ಮೇಲೆ ಜೀವವಿತ್ತು. 1914ರಲ್ಲಿ ಬೇರೆಯವರ ಪ್ರಯತ್ನದಿಂದ ಶೇಕ್ಸ್‌ಪಿಯರ್ ನಾಟಕಗಳು ಅಲ್ಲಿ ಶುರುವಾದವು. ಅನುಭವಿ ನಿರ್ದೇಶಕ ಬೆನ್ ಗ್ರೀಟ್ ಬಂದು ಅದಕ್ಕೊಂದು ನೆಲೆ ಕೊಟ್ಟರು. ಅಷ್ಟರಲ್ಲಿ ಮಹಾಯುದ್ಧ. ಗಂಡಸರು ರಣರಂಗಕ್ಕೆ ಹೋದರು, ರಾತ್ರಿ ವಿಮಾನದಾಳಿಯ ಭಯ, ಹಲವು ಮಂದಿರಗಳಲ್ಲಿ ಹಗುರ ಮನರಂಜನೆಯದೇ ಮೇಲುಗೈ. ಬೇಲಿಸ್ ಮಂದಿರದ ಬಾಗಿಲು ಹಾಕಲಿಲ್ಲ. ನಟರು ಸಾಲದಾದಾಗ ಸಿಬಿಲ್ ಥಾರ್ನ್‌ಡೈಕ್ ರಾಜಕುಮಾರ ಹಾಲ್, ‘ಲಿಯರ್’ ನಾಟಕದ ವಿದೂಷಕ ಮುಂತಾದ ಗಂಡು ಪಾತ್ರಗಳನ್ನೂ ಮಾಡಿದರು. ಮುಂದೆ ಬರ್ನಾರ್ಡ್ ಷಾ ಅವರ ‘ಸೇಂಟ್ ಜೋನ್’ ಆಗಿ ಲಂಡನ್ನಿನಲ್ಲಿ ಮೆರೆದ ಈ ನಟಿ ಪಳಗಿದ್ದು ಈ ಕೊರತೆಯ ವರ್ಷಗಳಲ್ಲಿ. 1923ರ ನವೆಂಬರಿನಲ್ಲಿ ‘ಟ್ರಾಯ್ಲಸ್ ಅಂಡ್ ಕ್ರೆಸಿಡಾ’ ರಂಗಕ್ಕೆ ಬಂದಾಗ, ಶೇಕ್ಸ್‌ಪಿಯರ್ ನಾಟಕಗಳ ಸಂಗ್ರಹವಾದ ಮೊದಲ ಫೋಲಿಯೋದಲ್ಲಿ ಅಚ್ಚಾದ 36 ನಾಟಕಗಳೂ ಓಲ್ಡ್ ವಿಕ್‌ನಲ್ಲಿ ಆಡಿದಂತಾಯಿತು. ಆ ಫೋಲಿಯೋ ಪ್ರಕಟವಾಗಿ ಸರಿಯಾಗಿ 300 ವರ್ಷ ತುಂಬಿದ ಸಂದರ್ಭ ಅದು. ಈ ಮಾಲೆಯ ಕೊನೆಯ ವರ್ಷಗಳಲ್ಲಿ ನಿರ್ದೇಶನದ ಭಾರ ಹೊತ್ತವರು ರಾಬರ್ಟ್ ಆಟ್ಕಿನ್ಸ್.

ಈ ಸಾಧನೆಯ ಹಿಂದಿನ ಅರ್ಥವ್ಯವಸ್ಥೆ ವಿವರವಾಗಿ ನೋಡಬೇಕಾದದ್ದು. ಲಂಡನ್ನಿನ ವಾಣಿಜ್ಯ ರಂಗಭೂಮಿಯಾದ ವೆಸ್ಟ್ ಎಂಡಿನ ಆಗಿನ ಮಂದಿರಗಳ ಪದ್ಧತಿ ಸರಳ: ಒಂದು ನಾಟಕ ಕಟ್ಟು, ಹೆಸರಾಂತ ನಟರನ್ನು ಹಾಕು, ಜನ ಬರುವಷ್ಟು ಕಾಲ ಅದನ್ನೇ ಓಡಿಸು. ಬಂಡವಾಳ ಹಾಕಿದವರಿಗೆ ಅದೇ ಲಾಭದ ದಾರಿ. ಈ ಪದ್ಧತಿಯಲ್ಲಿ ‘ಹ್ಯಾಮ್ಲೆಟ್’ ಬರಬಹುದು. ‘ಟೈಮನ್ ಆಫ್ ಅಥೆನ್ಸ್’ ಬರಲಾರದು. ಬೇಲಿಸ್ ನಡೆಸಿದ್ದು ಇದಕ್ಕೆ ತದ್ವಿರುದ್ಧವಾದ ಕ್ರಮ. ವಾರದ ಕೆಲವು ರಾತ್ರಿ ಆಪೆರಾ, ಕೆಲವು ರಾತ್ರಿ ನಾಟಕ, ಹಗಲು ಶಾಲಾ ಮಕ್ಕಳಿಗೆ ಪ್ರದರ್ಶನ. ಕೆಲವೇ ವಾರಗಳಿಗೊಮ್ಮೆ ಹೊಸ ನಾಟಕ. ಗ್ಯಾಲರಿಗೆ ಕೆಲವೇ ಪೆನ್ನಿ. ಇಷ್ಟು ಕಡಿಮೆ ದರದಲ್ಲಿ ಮಂದಿರ ಉಳಿಯಬೇಕಾದರೆ ಒಬ್ಬನೇ ಪ್ರೇಕ್ಷಕ ವರ್ಷಕ್ಕೆ ಹತ್ತಾರು ಸಲ ಬರಬೇಕು. ಹತ್ತಾರು ಸಲ ಬರಬೇಕಾದರೆ ಪ್ರತಿ ಸಲವೂ ಬೇರೆ ನಾಟಕ ಇರಬೇಕು. ಬೇರೆ ಬೇರೆ ನಾಟಕ ಆಡಿಸಬೇಕಾದರೆ ಇಡೀ ಹಂಗಾಮಿಗೆ ಒಂದೇ ತಂಡ ಒಟ್ಟಿಗಿರಬೇಕು. ಹೀಗೆ ಗ್ಯಾಲರಿಯ ಅಗ್ಗದ ದರವೇ ಖಾಯಂ ತಂಡವನ್ನೂ ವಿಸ್ತಾರವಾದ ನಾಟಕಮಾಲೆಯನ್ನೂ ಅನಿವಾರ್ಯ ಮಾಡಿತು. ಶೇಕ್ಸ್‌ಪಿಯರ್‌ನ ಅಪರೂಪದ ನಾಟಕಗಳೆಲ್ಲ ರಂಗ ಕಂಡದ್ದು ಯಾವುದೋ ಪಂಡಿತ ಮಂಡಳಿಯ ಯೋಜನೆಯಿಂದಲ್ಲ, ಬಡವರ ದರವನ್ನು ಬಿಟ್ಟುಕೊಡದ ಈ ಲೆಕ್ಕಾಚಾರದಿಂದ. ಒಂದು ವಾರ ರಾಜನಾಗಿದ್ದ ನಟ ಮರುವಾರ ದೂತನಾಗುವ ಆ ಖಾಯಂ ತಂಡದ ಶಿಸ್ತು ಇಂಗ್ಲಿಷ್ ನಟನಾ ಪರಂಪರೆಯನ್ನೇ ತಿದ್ದಿತು.

ಪದೇ ಪದೇ ಬರುವ ಪ್ರೇಕ್ಷಕವರ್ಗ ತನ್ನಷ್ಟಕ್ಕೆ ಹುಟ್ಟುವುದಿಲ್ಲ, ಅದನ್ನು ಬೆಳೆಸಬೇಕು. ಬೇಲಿಸ್ ಅವರ ಶ್ರಮದ ಬಹುಪಾಲು ಸಂದದ್ದು ಇಲ್ಲಿಗೆ. 1919ರಿಂದ ಓಲ್ಡ್ ವಿಕ್ ತನ್ನದೇ ಪತ್ರಿಕೆ ಹೊರಡಿಸಿತು. ಮುಂದಿನ ನಾಟಕಗಳ ವಿವರದ ಜೊತೆ ಮಂದಿರದ ಹಣಕಾಸಿನ ಕಷ್ಟವನ್ನೂ ಮುಚ್ಚುಮರೆಯಿಲ್ಲದೆ ಪ್ರೇಕ್ಷಕರ ಮುಂದಿಟ್ಟಿತು. ಹಂಗಾಮಿನ ಮೊದಲ ಮತ್ತು ಕೊನೆಯ ರಾತ್ರಿಗಳಲ್ಲಿ ಆಕೆ ತಾವೇ ರಂಗದ ಮೇಲೆ ಬಂದು ಮನೆಮಂದಿಯೊಡನೆ ಮಾತಾಡುವಂತೆ ಮಾತಾಡುತ್ತಿದ್ದರು. ಜನ ಕಡಿಮೆ ಬಂದ ನಾಟಕವಿದ್ದರೆ ಗದರುತ್ತಲೂ ಇದ್ದರು. ನೆರೆಹೊರೆಯ ದುಡಿಮೆಗಾರರ ಪಕ್ಕದಲ್ಲಿ ಗುಮಾಸ್ತರು, ಉಪಾಧ್ಯಾಯರು, ವಿದ್ಯಾರ್ಥಿಗಳು, ನದಿಯಾಚೆಯಿಂದ ಬರುವ ಓದುಗಬಳಗ ಕೂರತೊಡಗಿತು. ಕಾಲಕ್ರಮದಲ್ಲಿ ಈ ಎರಡನೆಯ ಗುಂಪೇ ದೊಡ್ಡದಾಯಿತೆಂದೂ ಎಮಾ ಕಾನ್ಸ್ ಮನಸ್ಸಿನಲ್ಲಿದ್ದ ಕಡುಬಡವರು ಹಿಂದೆ ಸರಿದರೆಂದೂ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವಿದೆ. ಆದರೆ ದರ ಏರಿಸಿ ಅವರನ್ನು ಹೊರದೂಡಿದ ಪಾಪ ಬೇಲಿಸ್‌ಗೆ ತಟ್ಟುವುದಿಲ್ಲ.

ಆಡಳಿತಗಾರರ ಯೋಗ್ಯತೆ ಕಾಣುವುದು ಅವರು ಆರಿಸಿಕೊಂಡ ಜನರಲ್ಲಿ. ಬೇಲಿಸ್‌ಗೆ ನಾಟಕಶಾಸ್ತ್ರದ ಓದು ಇರಲಿಲ್ಲ. ಅದು ತಮಗಿದೆ ಎಂದು ತೋರಿಸಿಕೊಳ್ಳಲೂ ಇಲ್ಲ. ಆದ್ದರಿಂದಲೇ ನಿರ್ದೇಶಕರ ಕೆಲಸದಲ್ಲಿ ಕೈಹಾಕುವುದು ಕಡಿಮೆ, ಹಣದ ಚೀಲಕ್ಕೆ ಮಾತ್ರ ಗಟ್ಟಿಗಂಟು. 1929ರಲ್ಲಿ ಬಂದ ಹಾರ್ಕೋರ್ಟ್ ವಿಲಿಯಮ್ಸ್ ಪದ್ಯದ ಮಾತುಗಳನ್ನು ಎಳೆದೆಳೆದು ಹೇಳುವ ಹಳೆಯ ರೂಢಿ ಬಿಡಿಸಿ, ವೇಗವಾದ ಸಹಜ ಉಚ್ಚಾರಣೆ ತಂದಾಗ ಟೀಕೆ ಬಿರುಸಾಗಿಯೇ ಬಂತು. ಬೇಲಿಸ್ ಅವರನ್ನು ಉಳಿಸಿಕೊಂಡರು. ವೆಸ್ಟ್ ಎಂಡಿನಲ್ಲಿ ಒಳ್ಳೆಯ ಸಂಪಾದನೆ ಇದ್ದ ಜಾನ್ ಗೀಲ್ಗುಡ್ ಅದೇ ವರ್ಷ ಅಲ್ಪ ಸಂಬಳಕ್ಕೆ ಓಲ್ಡ್ ವಿಕ್ ಸೇರಿ, ಎರಡು ಹಂಗಾಮುಗಳಲ್ಲಿ ರಿಚರ್ಡ್, ಮ್ಯಾಕ್‌ಬೆತ್, ಹ್ಯಾಮ್ಲೆಟ್, ಲಿಯರ್ ಪಾತ್ರಗಳನ್ನು ಮಾಡಿ ತಮ್ಮ ತಲೆಮಾರಿನ ಅಗ್ರಗಣ್ಯ ನಟರಾದರು. ಎಡಿತ್ ಇವಾನ್ಸ್, ರಾಲ್ಫ್ ರಿಚರ್ಡ್‌ಸನ್, ಪೆಗಿ ಆಶ್‌ಕ್ರಾಫ್ಟ್ ಇವರಿಗೆಲ್ಲ ಈ ರಂಗ ಕೊಟ್ಟದ್ದು ಪಾತ್ರಗಳ ಹರಹು, ಹಣ ಅಲ್ಲ.

ಬ್ಯಾಲೆಯ ವಿಚಾರದಲ್ಲಿ ಆಕೆಯ ದೂರದೃಷ್ಟಿ ಇನ್ನೂ ನಿಚ್ಚಳ. 1926ರಲ್ಲಿ ನಿನೆಟ್ ಡಿ ವಲ್ವಾ ಎಂಬ ಯುವ ನರ್ತಕಿ ಇಂಗ್ಲೆಂಡಿಗೆ ತನ್ನದೇ ಆದ ಬ್ಯಾಲೆ ತಂಡ ಬೇಕೆಂಬ ಯೋಜನೆ ಹಿಡಿದು ಬಂದರು. ಡಯಾಗಿಲೆಫ್ ಅವರ ಹೆಸರಾಂತ ರಷ್ಯನ್ ತಂಡದಲ್ಲಿ ಕುಣಿದು ಬಂದಿದ್ದ ಆಕೆಗೆ ಕೊಡಲು ಬೇಲಿಸ್ ಬಳಿ ಹಣವಾಗಲಿ ಜಾಗವಾಗಲಿ ಇರಲಿಲ್ಲ. ನಟರಿಗೆ ಅಂಗಚಲನೆ ಕಲಿಸುವುದು, ನಾಟಕ ಮತ್ತು ಆಪೆರಾಗಳಲ್ಲಿ ಬರುವ ಕುಣಿತಗಳನ್ನು ಹೊಂದಿಸುವುದು ಇಷ್ಟರಿಂದ ಶುರುಮಾಡಿ, ಜಾಗ ಸಿಕ್ಕಾಗ ಉಳಿದದ್ದು ನೋಡೋಣ ಎಂಬ ಒಪ್ಪಂದವಾಯಿತು. ಐದು ವರ್ಷಗಳ ನಂತರ ಸ್ಯಾಡ್ಲರ್ಸ್ ವೆಲ್ಸ್ ಸಿದ್ಧವಾದಾಗ ಬೇಲಿಸ್ ಮಾತು ಉಳಿಸಿಕೊಂಡರು. ಡಿ ವಲ್ವಾ ಅವರ ನೃತ್ಯಶಾಲೆ ಅಲ್ಲಿಗೆ ಬಂತು, ವಿಕ್–ವೆಲ್ಸ್ ಬ್ಯಾಲೆ ಹುಟ್ಟಿತು. ಅಲಿಷಿಯಾ ಮಾರ್ಕೊವಾ ಅಲ್ಲಿ ಕುಣಿದರು, ಫ್ರೆಡರಿಕ್ ಆಷ್ಟನ್ ನೃತ್ಯ ಸಂಯೋಜಿಸಿದರು, ಹದಿಹರೆಯದ ಮಾರ್ಗೊ ಫಾಂಟೇನ್ ಬೆಳೆದರು.

ಸ್ಯಾಡ್ಲರ್ಸ್ ವೆಲ್ಸ್ ಬೇಲಿಸ್ ಅವರ ಅತಿ ದೊಡ್ಡ ಸಾಹಸ. ಒಂದು ಅರ್ಥದಲ್ಲಿ ಅತಿ ದೊಡ್ಡ ತಪ್ಪೆಣಿಕೆಯೂ ಹೌದು. ಉತ್ತರ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಪಾಳುಬಿದ್ದಿದ್ದ ಆ ಹಳೆಯ ಮಂದಿರವನ್ನು ಕೊಂಡು ಹೊಸದಾಗಿ ಕಟ್ಟಲು 1925ರಲ್ಲಿ ಸಾರ್ವಜನಿಕ ಮನವಿ ಹೊರಟಿತು. ಓಲ್ಡ್ ವಿಕ್ ಕಟ್ಟಡದ್ದೇ ರಿಪೇರಿ ಮುಗಿದಿರಲಿಲ್ಲ. ಮಾರ್ಲಿ ಕಾಲೇಜಿನ ತರಗತಿಗಳನ್ನು ಬೇರೆಡೆಗೆ ಸಾಗಿಸಿ ರಂಗದ ಹಿಂದೆ ನಟರಿಗೆ ಜಾಗ ಮಾಡಿಕೊಡುವುದು ಸಾಧ್ಯವಾದದ್ದೇ 1922ರಲ್ಲಿ ಸರ್ ಜಾರ್ಜ್ ಡಾನ್ಸ್ ಕೊಟ್ಟ 30,000 ಪೌಂಡ್ ದೇಣಿಗೆಯಿಂದ. ಇಂಥ ಸ್ಥಿತಿಯಲ್ಲಿ ಎರಡನೆಯ ಮಂದಿರದ ಹೊಣೆ ಹೊರುವುದು ಹಲವರಿಗೆ ದುಡುಕಾಗಿ ಕಂಡಿತು. 1931ರ ಜನವರಿ 6ರಂದು ‘ಟ್ವೆಲ್ಫ್ತ್ ನೈಟ್’ ನಾಟಕದೊಂದಿಗೆ ಅದು ತೆರೆಯಿತು. ದಕ್ಷಿಣದ ಬಡವರಿಗೆ ಇದ್ದದ್ದು ಉತ್ತರದ ಬಡವರಿಗೂ ಇರಲಿ, ನಾಟಕ ಮತ್ತು ಆಪೆರಾ ಎರಡೂ ಮಂದಿರಗಳಲ್ಲಿ ಸರದಿಯಂತೆ ನಡೆಯಲಿ ಎಂಬುದು ಮೂಲ ಉದ್ದೇಶ. ರಂಗಸಜ್ಜಿಕೆ, ಉಡುಪು, ಜನ ಎಲ್ಲವನ್ನೂ ನದಿಯ ಆಚೆಗೂ ಈಚೆಗೂ ಸಾಗಿಸುವುದೇ ದೊಡ್ಡ ವೆಚ್ಚವಾಯಿತು. ಈ ವಾರ ಎಲ್ಲಿ ಏನಿದೆ ಎಂಬ ಗೊಂದಲ ಪ್ರೇಕ್ಷಕರಿಗೆ. ಇಸ್ಲಿಂಗ್ಟನ್‌ನಲ್ಲಿ ಶೇಕ್ಸ್‌ಪಿಯರ್‌ಗೆ ಜನ ಸೇರಲಿಲ್ಲ. 1930ರ ದಶಕದ ನಡುಭಾಗದ ಹೊತ್ತಿಗೆ ನಾಟಕ ಓಲ್ಡ್ ವಿಕ್‌ನಲ್ಲೂ ಆಪೆರಾ ಮತ್ತು ಬ್ಯಾಲೆ ಸ್ಯಾಡ್ಲರ್ಸ್ ವೆಲ್ಸ್‌ನಲ್ಲೂ ಪ್ರತ್ಯೇಕವಾಗಿ ನೆಲೆನಿಂತವು. ಮೂಲ ಯೋಜನೆ ಕೈಬಿಟ್ಟುಹೋಯಿತು ಎನ್ನುವುದು ನಿಜ. ಮೂರು ಕಲೆಗಳಿಗೂ ಸ್ವಂತ ತಂಡ, ಸ್ವಂತ ಬಾಳು ಸಿಕ್ಕಿದ್ದು ಆ ಬೇರ್ಪಡೆಯಿಂದಲೇ.

ಆಪೆರಾದ ಮಟ್ಟಿಗೆ ಆಕೆ ಬಿಡದೆ ಹಿಡಿದ ನಿಯಮ, ಅದನ್ನು ಇಂಗ್ಲಿಷಿನಲ್ಲೇ ಹಾಡಬೇಕು ಎಂಬುದು. ಕೋವೆಂಟ್ ಗಾರ್ಡನ್ ಆಪೆರಾ ಮಂದಿರದಲ್ಲಿ ಸಿರಿವಂತರು ಅನ್ಯಭಾಷೆಯಲ್ಲಿ ಕೇಳುತ್ತಿದ್ದುದನ್ನು ವಾಟರ್ಲೂ ರಸ್ತೆಯ ಜನ ತಮ್ಮ ಮಾತಿನಲ್ಲಿ ಕೇಳಿದರು. ವಿದ್ವಾಂಸ ಎಡ್ವರ್ಡ್ ಡೆಂಟ್ ಮೊಟ್ಸಾರ್ಟ್‌ನ ಕೃತಿಗಳನ್ನು ಇದಕ್ಕಾಗಿ ಅನುವಾದಿಸಿದರು. ದೊಡ್ಡ ವಾದ್ಯವೃಂದಕ್ಕೆ ಹಣವಿಲ್ಲದ್ದರಿಂದ ಸಂಗೀತ ನಿರ್ದೇಶಕ ಚಾರ್ಲ್ಸ್ ಕಾರಿ ವಾಗ್ನರ್, ವರ್ಡಿ ಕೃತಿಗಳನ್ನೆಲ್ಲ ಬೆರಳೆಣಿಕೆಯ ವಾದಕರಿಗೆ ಹೊಂದುವಂತೆ ತಿದ್ದಿ ಬರೆಯುತ್ತಿದ್ದರು. ಸಂಗೀತದ ಶುದ್ಧತೆಯನ್ನು ಬಲ್ಲವರಿಗೆ ಇದು ಸಹಿಸಲಾಗದ ರಾಜಿ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಒಪ್ಪಿ ನಿಲ್ಲಿಸಿದ್ದರೆ, ಮುಂದೆ ಪೂರ್ಣ ವಾದ್ಯವೃಂದವಿದ್ದ ಆಪೆರಾ ಕಂಪನಿಗೆ ಕೇಳುಗರೇ ಇರುತ್ತಿರಲಿಲ್ಲ.

ಹೆಚ್ಚು ಗಂಭೀರವಾದ ಆಕ್ಷೇಪ ಸಂಬಳದ್ದು. ಬಡ ಪ್ರೇಕ್ಷಕನಿಗೆ ಸಿಕ್ಕ ರಿಯಾಯಿತಿಯನ್ನು ಯಾರಾದರೂ ತುಂಬಿಕೊಡಲೇಬೇಕಿತ್ತು. ತುಂಬಿಕೊಟ್ಟವರು ಕಲಾವಿದರು ಮತ್ತು ಕೆಲಸಗಾರರು. ಹೆಸರಾದ ನಟನಿಗೆ ಒಂದೆರಡು ಹಂಗಾಮು ಕಡಿಮೆ ಹಣಕ್ಕೆ ದುಡಿಯುವುದು ಹೂಡಿಕೆಯಂತೆ. ಮೇಳದ ಹಾಡುಗಾರನಿಗೂ ಸಣ್ಣ ಪಾತ್ರದವನಿಗೂ ಅದು ಬರಿಯ ಕಷ್ಟ. ಬೇಲಿಸ್ ತಾವೂ ಅತಿ ಸರಳವಾಗಿ ಬದುಕಿದರು, ತಮ್ಮ ಕೆಲಸವನ್ನು ದೇವರ ಕೆಲಸವೆಂದು ನಂಬಿದ್ದರು, ಇತರರೂ ಹಾಗೇ ದುಡಿಯಬೇಕೆಂದು ನಿರೀಕ್ಷಿಸಿದರು. ತನ್ನ ತ್ಯಾಗವನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕು ಯಾವ ಆದರ್ಶಕ್ಕೂ ಇಲ್ಲ. ಆಕೆಯ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇದೇ. ಅದಕ್ಕೆ ಪರಿಹಾರ ಸಾರ್ವಜನಿಕ ಹಣ. ಅದು ಬಂದದ್ದು ಆಕೆ ಸತ್ತ ಮೇಲೆ. ತಾರೆಯರನ್ನು ತಂದು ಮಂದಿರ ತುಂಬಿಸುವ ದಾರಿಯೂ ಇತ್ತು: 1933ರಲ್ಲಿ ಯುವ ನಿರ್ದೇಶಕ ಟೈರೋನ್ ಗತ್ರಿ ಸಿನಿಮಾದಿಂದ ಹೆಸರಾಗಿದ್ದ ಚಾರ್ಲ್ಸ್ ಲಾಟನ್‌ರನ್ನು ಕರೆತಂದಾಗ ಮಂದಿರ ತುಂಬಿತು, ಆದರೆ ಬೇಲಿಸ್‌ಗೂ ಲಾಟನ್‌ಗೂ ಹೊಂದಿಕೆಯಾಗಲಿಲ್ಲ. ತಾರೆಯೊಬ್ಬನ ಬೆಳಕಿನಲ್ಲಿ ತನ್ನ ಮಂದಿರ ಬಾಳಬೇಕಾಗುವುದನ್ನು ಆಕೆ ಒಪ್ಪಲಿಲ್ಲ. ಗತ್ರಿ ಒಂದು ಹಂಗಾಮು ಮುಗಿಸಿ ಹೋದವರು 1936ರಲ್ಲಿ ಮರಳಿ ಬಂದರು, ಆಕೆಯೇ ಬರಮಾಡಿಕೊಂಡರು.

ಬೇಲಿಸ್ ಬಗ್ಗೆ ದಂತಕಥೆಗಳು ಬಹಳ. ಒಳ್ಳೆಯ ಗಾಯಕನನ್ನು ಕಳಿಸು, ಆದರೆ ಕಡಿಮೆ ಸಂಬಳಕ್ಕೆ ಎಂದು ದೇವರನ್ನು ಬೇಡುತ್ತಿದ್ದರಂತೆ. ರಂಗದ ಪಕ್ಕದಲ್ಲೇ ಒಲೆ ಹಚ್ಚಿ ಸಾಸೇಜು ಹುರಿಯುತ್ತಿದ್ದರೆ ವಾಸನೆ ದುರಂತ ನಾಟಕದ ನಡುವೆ ಸಭಾಂಗಣಕ್ಕೆ ಹರಡುತ್ತಿತ್ತಂತೆ. ಆಕೆಯ ಉಚ್ಚಾರಣೆ, ಒಂದು ಬದಿಗೆ ಸೊಟ್ಟಗಾದ ಬಾಯಿ, ಉಡುಪು, ಸಾಕುನಾಯಿಗಳು ಎಲ್ಲವೂ ನಟರ ನೆನಪಿನ ಪುಸ್ತಕಗಳಲ್ಲಿ ನಗೆಯ ಸಾಮಗ್ರಿಯಾಗಿವೆ. ಪ್ರೀತಿಯಿಂದ ಹೇಳಿದ್ದೇ ಇರಬಹುದು. ಆದರೆ ಆ ಕಥೆಗಳ ಒಟ್ಟು ಪರಿಣಾಮ ಕೆಟ್ಟದ್ದು: ಓದಿಲ್ಲದ, ಮುಗ್ಧ, ವಿಚಿತ್ರ ಹೆಂಗಸೊಬ್ಬಳ ಕೈಯಲ್ಲಿ ಅದೃಷ್ಟವಶಾತ್ ದೊಡ್ಡ ಸಂಸ್ಥೆ ಬೆಳೆಯಿತು ಎಂಬ ಚಿತ್ರ ಅವು ಕಟ್ಟುತ್ತವೆ. ಎರಡು ಮಂದಿರ, ಮೂರು ತಂಡಗಳನ್ನು ಸರ್ಕಾರದ ಕಾಸಿಲ್ಲದೆ ನಡೆಸಿದ್ದು ಅದೃಷ್ಟದಿಂದ ಆಗುವ ಕೆಲಸವಲ್ಲ. ಅದೇ ಕೆಲಸ ಮಾಡಿದ, ಒಳ್ಳೆಯ ಕಾಲೇಜಿನಲ್ಲಿ ಓದಿದ ಗಂಡಸೊಬ್ಬನಿದ್ದರೆ ಅವನನ್ನು ದಕ್ಷ, ದೂರದರ್ಶಿ ಎಂದು ಕರೆಯುತ್ತಿದ್ದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1924ರಲ್ಲಿ ಗೌರವ ಎಂ.ಎ. ಪದವಿ ಕೊಟ್ಟಾಗ ಆಕೆ ಆ ನಿಲುವಂಗಿ ತೊಟ್ಟು ಮೊದಲ ಪ್ರದರ್ಶನಗಳಿಗೆ ಬರುತ್ತಿದ್ದರು. ಅದನ್ನೂ ಹಾಸ್ಯ ಮಾಡಿದವರಿದ್ದಾರೆ. ಶಾಲೆ ಸಿಗದೆ ಬೆಳೆದವರಿಗೆ ಆ ಬಟ್ಟೆಯ ಬೆಲೆ ಏನೆಂದು ಅವರು ಯೋಚಿಸಿದಂತಿಲ್ಲ. 1929ರಲ್ಲಿ ‘ಕಂಪ್ಯಾನಿಯನ್ ಆಫ್ ಆನರ್’ ರಾಷ್ಟ್ರಗೌರವ ಬಂತು.

1937ರ ಜೂನಿನಲ್ಲಿ ಲಾರೆನ್ಸ್ ಒಲಿವಿಯರ್ ಮುಖ್ಯಪಾತ್ರದ ‘ಹ್ಯಾಮ್ಲೆಟ್’ ಜೊತೆ ಓಲ್ಡ್ ವಿಕ್ ತಂಡ ಡೆನ್ಮಾರ್ಕಿನ ಎಲ್ಸಿನೋರ್‌ಗೆ ಹೋಯಿತು. ಅಲ್ಲಿನ ಕೋಟೆಯಂಗಳದಲ್ಲಿ ಆಡಬೇಕಿದ್ದ ಮೊದಲ ರಾತ್ರಿ ಮಳೆ ಸುರಿದು, ಹೋಟೆಲಿನ ಸಭಾಂಗಣದಲ್ಲೇ ನಾಟಕ ನಡೆಯಿತು. ಅದೇ ವರ್ಷದ ನವೆಂಬರ್ 25ರಂದು, ಒಲಿವಿಯರ್ ಅವರ ‘ಮ್ಯಾಕ್‌ಬೆತ್’ ತೆರೆಯುವ ಹಿಂದಿನ ದಿನ, ಬೇಲಿಸ್ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ನಾಟಕ ನಡೆಯಿತು.

ಆಕೆ ಇಲ್ಲದ ಮೇಲೂ ಮೂರು ತಂಡಗಳು ಉಳಿದವು. ಎರಡನೆಯ ಮಹಾಯುದ್ಧದಲ್ಲಿ ಕಲೆಗೆ ನೆರವು ನೀಡಲು ಸ್ಥಾಪಿತವಾದ ಸಮಿತಿ ಓಲ್ಡ್ ವಿಕ್ ತಂಡವನ್ನೇ ವೇಲ್ಸ್‌ನ ಗಣಿ ಊರುಗಳಿಗೆ ಕಳಿಸಿತು. ಸಿಬಿಲ್ ಥಾರ್ನ್‌ಡೈಕ್ ಅಲ್ಲಿ ಲೇಡಿ ಮ್ಯಾಕ್‌ಬೆತ್ ಆದರು. ಆ ಸಮಿತಿಯೇ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಆಗಿ, ಕಲೆಗೆ ಸಾರ್ವಜನಿಕ ಹಣ ಕೊಡುವುದು ಬ್ರಿಟನ್ನಿನಲ್ಲಿ ನೀತಿಯಾಯಿತು. ಯುದ್ಧಕಾಲದಲ್ಲಿ ಮುಚ್ಚಿದ್ದ ಸ್ಯಾಡ್ಲರ್ಸ್ ವೆಲ್ಸ್ 1945ರ ಜೂನ್ 7ರಂದು ಮತ್ತೆ ತೆರೆದಾಗ ಬೆಂಜಮಿನ್ ಬ್ರಿಟನ್‌ನ ‘ಪೀಟರ್ ಗ್ರೈಮ್ಸ್’ ಮೊದಲ ಬಾರಿಗೆ ಪ್ರದರ್ಶನ ಕಂಡಿತು. ಬ್ಯಾಲೆ ತಂಡ 1946ರಲ್ಲಿ ಕೋವೆಂಟ್ ಗಾರ್ಡನ್ ಸೇರಿ 1956ರಲ್ಲಿ ರಾಯಲ್ ಬ್ಯಾಲೆ ಆಯಿತು. ಆಪೆರಾ ತಂಡ 1968ರಲ್ಲಿ ಕೊಲಿಸಿಯಂ ಮಂದಿರಕ್ಕೆ ಹೋಗಿ 1974ರಲ್ಲಿ ಇಂಗ್ಲಿಷ್ ನ್ಯಾಷನಲ್ ಆಪೆರಾ ಎಂಬ ಹೆಸರು ಪಡೆಯಿತು. ಇಂಗ್ಲಿಷಿನಲ್ಲಿ ಹಾಡುವ ನಿಯಮವನ್ನೂ ಜೊತೆಗೇ ಒಯ್ದಿತು. ಒಲಿವಿಯರ್ ನೇತೃತ್ವದ ನ್ಯಾಷನಲ್ ಥಿಯೇಟರ್ 1963ರ ಅಕ್ಟೋಬರಿನಲ್ಲಿ ತನ್ನ ಮೊದಲ ನಾಟಕ ಆಡಿದ್ದು ಓಲ್ಡ್ ವಿಕ್‌ನಲ್ಲಿ, ಮುಂದಿನ 13 ವರ್ಷ ಇದ್ದದ್ದೂ ಅಲ್ಲೇ. ಆಮೇಲೆ ನದಿಯ ದಂಡೆಯಲ್ಲಿ ಅದಕ್ಕೆ ಸ್ವಂತ ಕಟ್ಟಡವಾದಾಗ ಒಳಗಿನ ಮೂರು ರಂಗಗಳಿಗೆ ಒಲಿವಿಯರ್, ಲಿಟಲ್ಟನ್, ಕಾಟ್ಸ್‌ಲೋ ಎಂದು ಹೆಸರಿಟ್ಟರು: ಒಬ್ಬರು ನಟ, ಇನ್ನಿಬ್ಬರು ಆ ಯೋಜನೆಯ ಮಂಡಳಿಗಳಲ್ಲಿದ್ದ ಗಣ್ಯರು. ಬೇಲಿಸ್ ಹೆಸರಿನ ಚಿಕ್ಕ ರಂಗವೊಂದು ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿದೆ.